ಪಿ, ಎ, ಪೌಂಡ್: ಸರ್ಕಾರದ ಕಾಗದ ಕಿವಿಗೆ ಬೀಳುವ ಬಗೆ

(ಚಿಕ್ಕಮಗಳೂರಿನಲ್ಲಿ ಓದುಗರ ಬಳಗವೊಂದು ಏರ್ಪಡಿಸಿದ್ದ ಸಂಜೆಯ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ, ಜಗಳವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಕಾರ್ಯಕ್ರಮದ ಆಮಂತ್ರಣ ಹೋದ ವಾರ ನನ್ನ ವಾಟ್ಸಾಪ್‌ಗೆ ಬಂತು. ಬೆರಳಿಟ್ಟೆ. ಫೋನ್ "ಚಿತ್ರ" ಎಂದಿತು. ಇನ್ನೊಮ್ಮೆ ಬೆರಳಿಟ್ಟೆ. ಮತ್ತೆ "ಚಿತ್ರ". ಅದರೊಳಗೆ ನನ್ನ ಹೆಸರಿತ್ತಂತೆ, ಫೋಟೊ ಇತ್ತಂತೆ, ಸುತ್ತ ಜರಿ ಅಂಚಿನಂಥ ಚಿತ್ತಾರವಿತ್ತಂತೆ, 'ವಿಕಲಚೇತನರಿಗೆ ಡಿಜಿಟಲ್ ಆಡಳಿತ' ಎಂಬ ವಿಷಯ ದಪ್ಪ ಅಕ್ಷರಗಳಲ್ಲಿ ಇತ್ತಂತೆ. ಎಷ್ಟು ಗಂಟೆಗೆ, ಎಲ್ಲಿಗೆ ಬರಬೇಕೆಂಬುದು ಪಕ್ಕದ ಮನೆಯ ಹುಡುಗ ಓದಿ ಹೇಳಿದ ಮೇಲೆ ನನಗೆ ತಿಳಿಯಿತು. ಸಂಘಟಕರು ಬೇಸರ ಮಾಡಿಕೊಳ್ಳಬಾರದು. ಅವರು ನನಗೆ ಉಪಕಾರವನ್ನೇ ಮಾಡಿದ್ದಾರೆ, ಉಪನ್ಯಾಸದ ಮೊದಲ ಉದಾಹರಣೆಯನ್ನು ಮನೆ ಬಾಗಿಲಿಗೆ ಕಳಿಸಿಕೊಟ್ಟಿದ್ದಾರೆ.

ಅಧ್ಯಕ್ಷರು ನನ್ನನ್ನು ಪರಿಚಯಿಸುತ್ತ "ಇವರ ಒಳಗಣ್ಣು ತೆರೆದಿದೆ" ಎಂದರು. ಪ್ರೀತಿಯ ಮಾತು, ಒಪ್ಪಿಕೊಂಡಿದ್ದೇನೆ. ಆದರೆ ಒಳಗಣ್ಣಿನಿಂದ ಪಿಡಿಎಫ್ ಓದಲು ಬರುವುದಿಲ್ಲ. ನನಗಿರುವುದು ಇರುಳುಗುರುಡಿನಿಂದ ಶುರುವಾಗಿ ನಿಧಾನವಾಗಿ ಎಲ್ಲವನ್ನೂ ನುಂಗಿದ ಅಕ್ಷಿಪಟಲದ ಕಾಯಿಲೆ. ಮೂವತ್ತರ ಹರೆಯದಲ್ಲಿ ಕೊಪ್ಪದ ಕಡೆಯ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದಾಗ ಕಪ್ಪು ಹಲಗೆಯ ಮೇಲಿನ ನನ್ನದೇ ಅಕ್ಷರ ನನಗೆ ಕಾಣದಾಯಿತು. ನನ್ನ ಕಾಲದಲ್ಲೇ ನಮ್ಮನ್ನು ಕರೆಯುವ ಹೆಸರು ಹಲವು ಸಲ ಬದಲಾಗಿದೆ. ಮೊದಲು ಕುರುಡ ಎನ್ನುತ್ತಿದ್ದರು, ಆಮೇಲೆ ಅಂಗವಿಕಲ, ಈಗ ರಾಜ್ಯದ ಕಾಗದದಲ್ಲಿ ವಿಕಲಚೇತನ, ಕೇಂದ್ರದ ಕಾಗದದಲ್ಲಿ ದಿವ್ಯಾಂಗ. ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ಆ ಕಾಗದವನ್ನು ನಾನೇ ಓದುವಂತಾಗಲಿ ಎಂಬುದಷ್ಟೇ ನನ್ನ ಹಟ.

ನಾನು ಫೋನ್ ಬಳಸುವುದು ಹೇಗೆಂದು ಬಹಳ ಜನ ಕೇಳುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ವ್ಯವಸ್ಥೆ ಇದೆ, ನಿಮ್ಮ ಫೋನಿನಲ್ಲೂ ಮಲಗಿರಬಹುದು. ಪರದೆಯ ಮೇಲೆ ಬೆರಳು ಸರಿಸಿದಂತೆ ಬೆರಳಿನಡಿ ಏನಿದೆಯೆಂದು ಹೇಳುತ್ತದೆ; ಬೇಕಾದದ್ದು ಸಿಕ್ಕಾಗ ಎರಡು ಸಲ ತಟ್ಟಿದರೆ ತೆರೆದುಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ನಾನು ಬಳಸುವುದು ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಯುವಕ ಅದನ್ನು ಬರೆಯಲು ಕುಳಿತರು, ಜೇಮ್ಸ್ ಟೇ ಜೊತೆಯಾದರು, ಇಬ್ಬರೂ ದೃಷ್ಟಿಹೀನರು. ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಉಚ್ಚಾರಣೆ ಸ್ವಲ್ಪ ಮೂಗಿನದು, ನೆಗಡಿಯಾದ ಮೇಷ್ಟ್ರ ಹಾಗೆ. ಕೆಲವು ದಿನಗಳಲ್ಲಿ ಒಗ್ಗಿಹೋಗುತ್ತದೆ.

ಇನ್ನು ಸರ್ಕಾರದ ಸುತ್ತೋಲೆಗೆ ಬರೋಣ.

ನಮ್ಮ ಕಚೇರಿಗಳಲ್ಲಿ ಎಷ್ಟೋ ವರ್ಷ ಕನ್ನಡವನ್ನು ಬೆರಳಚ್ಚು ಮಾಡಿದ್ದು ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಅವು ಬಂದದ್ದರಿಂದಲೇ ಕನ್ನಡ ಕಂಪ್ಯೂಟರಿನೊಳಗೆ ಕಾಲಿಟ್ಟಿತು, ಆ ಋಣ ದೊಡ್ಡದು. ಆದರೆ ಆ ಫಾಂಟುಗಳು ಮಾಡುತ್ತಿದ್ದುದು ಒಂದು ವೇಷಗಾರಿಕೆ. ಕಂಪ್ಯೂಟರಿನ ಹೊಟ್ಟೆಯೊಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರ, ಅದರ ಮೇಲೆ ಕನ್ನಡದ ಅಂಗಿ. ನೋಡುವವರಿಗೆ ಅಂಗಿ ಕಾಣುತ್ತದೆ. ನನ್ನ ತಂತ್ರಾಂಶಕ್ಕೆ ಕಣ್ಣಿಲ್ಲವಲ್ಲ, ಅದು ಹೊಟ್ಟೆಗೇ ಕೈ ಹಾಕುತ್ತದೆ. 'ಕನ್ನಡ' ಎಂಬ ಪದವನ್ನು ಅಕ್ಷರಕ್ಷರವಾಗಿ ಓದು ಎಂದರೆ ಅದು ಹೇಳುವುದು ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್, ಮತ್ತೆ ಎ, ಆಮೇಲೆ ಜರ್ಮನ್ ಭಾಷೆಯ ಒಂದು ಎಸ್, ಕ್ಯೂ, ಕೊನೆಗೆ ಇನ್ನೊಂದು ಎ. 'ನ' ಇದ್ದ ಜಾಗದಲ್ಲಿ ಬ್ರಿಟಿಷರ ನಾಣ್ಯ, ನ ಒತ್ತಿನ ಜಾಗದಲ್ಲಿ ಜರ್ಮನಿಯ ಅಕ್ಷರ! ನಾಲ್ಕು ಪುಟದ ಸುತ್ತೋಲೆಯೊಂದನ್ನು ಹೀಗೆ ಕೇಳಿ ನೋಡಿ. ವಿದೇಶಿ ವಿನಿಮಯದ ಕಚೇರಿಯಲ್ಲಿ ಯಾರೋ ಬಿಕ್ಕಳಿಸುತ್ತಿದ್ದಾರೇನೋ ಅನಿಸುತ್ತದೆ.

ಇದಕ್ಕೆ ಮದ್ದು ಯೂನಿಕೋಡ್, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ. ಅದರಲ್ಲಿ 'ಕ' ಎಂದರೆ ಒಳಗೂ 'ಕ', ಹೊರಗೂ 'ಕ'. ಮೂಡಿಗೆರೆಯ ತೋಟದಲ್ಲಿ ಕುಳಿತು ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಹಟ ಹಿಡಿದಿದ್ದು ಈ ಜಿಲ್ಲೆಯವರಿಗೆ ನೆನಪಿರಬೇಕು. ಕನ್ನಡ ಕಂಪ್ಯೂಟರಿನಲ್ಲಿ ಬದುಕಬೇಕು ಎಂಬುದು ಅವರ ಕಾಳಜಿ. ಆ ಹಟದ ಪೂರ್ತಿ ಲಾಭ ಸಿಕ್ಕಿದ್ದು ನನ್ನಂಥವರಿಗೆ ಎಂದು ನಾನು ಅಂದುಕೊಳ್ಳುತ್ತೇನೆ. ಈಗ ಯೂನಿಕೋಡ್ ಬಳಸಬೇಕೆಂದು ಸರ್ಕಾರವೇ ಹೇಳುತ್ತದೆ, ನುಡಿಯಲ್ಲೂ ಯೂನಿಕೋಡ್ ಬಂದಿದೆ. ಹಾಗಿದ್ದೂ ಹಳೆಯ ಕಂಪ್ಯೂಟರು, ಹಳೆಯ ಅಭ್ಯಾಸ, ಹಳೆಯ ಕಡತವನ್ನೇ ನಕಲು ಮಾಡಿ ದಿನಾಂಕ ತಿದ್ದುವ ಪದ್ಧತಿ ಸುಲಭಕ್ಕೆ ಹೋಗುವುದಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಸ್ಕ್ಯಾನ್. ಕಾಗದವನ್ನು ಯೂನಿಕೋಡಿನಲ್ಲೇ ಬೆರಳಚ್ಚು ಮಾಡಿರುತ್ತಾರೆ. ಆಮೇಲೆ ಮುದ್ರಿಸುತ್ತಾರೆ, ಸಾಹೇಬರ ಸಹಿ ಹಾಕಿಸುತ್ತಾರೆ, ದುಂಡು ಮೊಹರು ಒತ್ತುತ್ತಾರೆ, ತಿರುಗಿ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುತ್ತಾರೆ. ಜೀವವಿದ್ದ ಅಕ್ಷರ ಫೋಟೊ ಆಗಿ ಗೋಡೆಗೆ ನೇತಾಡುತ್ತದೆ. ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಜ್ಞಾನ ಇದೆಯಲ್ಲ ಎಂದು ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ವಾದಿಸುತ್ತಿರಬಹುದು. ಇದೆ, ದಿನಾ ಬಳಸುತ್ತೇನೆ, ಕನ್ನಡದಲ್ಲೂ ಮೊದಲಿಗಿಂತ ಎಷ್ಟೋ ಸುಧಾರಿಸಿದೆ. ಆದರೆ ಅರ್ಜಿಯ ಕೊನೆಯ ದಿನಾಂಕದ ಮೇಲೆ ಮೊಹರು ಬಿದ್ದಿದ್ದರೆ ಅದು 8 ಎಂದೂ ಓದೀತು, 3 ಎಂದೂ ಓದೀತು. ಕೊನೆಯ ದಿನಾಂಕದ ವಿಷಯದಲ್ಲಿ ನನಗೆ ಅಂದಾಜು ಬೇಡ.

ಕಾನೂನು ಏನು ಹೇಳುತ್ತದೆ? ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು ಏಳು ಬಗೆಯ ವೈಕಲ್ಯ; ಈಗ ಇಪ್ಪತ್ತೊಂದು. ಕುಬ್ಜತೆ, ಹಿಮೋಫಿಲಿಯಾ, ಪಾರ್ಕಿನ್‌ಸನ್, ಕಲಿಕಾ ನ್ಯೂನತೆ, ಆ್ಯಸಿಡ್ ದಾಳಿಗೆ ತುತ್ತಾದವರು, ಕುಷ್ಠದಿಂದ ಗುಣವಾದವರು ಎಲ್ಲರೂ ಅದರೊಳಗಿದ್ದಾರೆ. ಎಲೆಕ್ಟ್ರಾನಿಕ್ ಮಾಧ್ಯಮದ ಮಾಹಿತಿ ನಮಗೆ ಎಟುಕುವಂತಿರಬೇಕೆಂದು 42ನೇ ಸೆಕ್ಷನ್ ಹೇಳುತ್ತದೆ. ಆದರೆ ಕಾಯ್ದೆಯ ನಿಯಮಾವಳಿಯ 15ನೇ ನಿಯಮದಡಿ ತಂದ ಮಾನದಂಡಗಳು 'ಹೀಗೆ ಮಾಡಿದರೆ ಒಳ್ಳೆಯದು' ಎಂಬ ಸಲಹೆಯ ಧಾಟಿಯಲ್ಲಿದ್ದವು. ದೃಷ್ಟಿಹೀನರಾದ ರಾಜೀವ್ ರಾಟೂರಿ 2005ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಆ ನಿಯಮವನ್ನೇ ಬದಿಗೆ ಸರಿಸಿತು. ಕಾಯ್ದೆ ಕಡ್ಡಾಯ ಎನ್ನುವಾಗ ನಿಯಮ ದಯವಿಟ್ಟು ಎನ್ನಲಾಗದು, ಮೂರು ತಿಂಗಳಲ್ಲಿ ಕಡ್ಡಾಯ ಮಾನದಂಡ ರೂಪಿಸಿ ಎಂಬುದು ಆ ತೀರ್ಪಿನ ಸಾರ. ಹತ್ತೊಂಬತ್ತು ವರ್ಷ ಒಂದು ಮೊಕದ್ದಮೆ. ನಮ್ಮ ಕಡೆ ಆಸ್ತಿ ವಿಭಾಗದ ದಾವೆ ಕೂಡ ಕೆಲವೊಮ್ಮೆ ಇದಕ್ಕಿಂತ ಬೇಗ ಮುಗಿಯುತ್ತದೆ.

ಈಗ ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡಿನ ವಿಷಯ. ಸಭೆಯಲ್ಲಿ ಕೈಯಲ್ಲಿ ಈ ಕಾರ್ಡ್ ಹಿಡಿದವರು ಹಲವರಿದ್ದೀರಿ ಎಂದು ಪಕ್ಕದವರು ಹೇಳಿದರು. ದೇಶಕ್ಕೆಲ್ಲ ಒಂದೇ ಗುರುತಿನ ಸಂಖ್ಯೆ, ಹದಿನೆಂಟು ಅಂಕಿ-ಅಕ್ಷರಗಳದ್ದು. 2021ರ ಜೂನ್ 1ರಿಂದ ವೈಕಲ್ಯದ ಪ್ರಮಾಣಪತ್ರವನ್ನು ಯುಡಿಐಡಿ ಪೋರ್ಟಲ್ ಮೂಲಕವೇ ಕೊಡಬೇಕೆಂದಾಯಿತು. 2024ರ ತಿದ್ದುಪಡಿಯ ಪ್ರಕಾರ ಕಾರ್ಡಿಗೆ ಬಣ್ಣವೂ ಬಂತು: ಶೇ. 40ಕ್ಕಿಂತ ಕಡಿಮೆ ವೈಕಲ್ಯಕ್ಕೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ನನ್ನದು ಯಾವ ಬಣ್ಣ ಎಂದು ನನ್ನನ್ನೇ ಕೇಳುವವರಿದ್ದಾರೆ.

ತಮಾಷೆ ಪಕ್ಕಕ್ಕಿರಲಿ, ಇದೊಂದು ಒಳ್ಳೆಯ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಪ್ರಮಾಣಪತ್ರವೆಂದರೆ ಮಡಚಿ ಮಡಚಿ ನಾಲ್ಕು ತುಂಡಾದ ಒಂದು ಹಾಳೆ. ಮಳೆಗಾಲದಲ್ಲಿ ಅದರ ಶಾಯಿ ಹರಡುತ್ತಿತ್ತು. ಪಿಂಚಣಿಗೆ ಒಂದು ಪ್ರತಿ, ಬಸ್ ಪಾಸಿಗೆ ಒಂದು, ವಿದ್ಯಾರ್ಥಿವೇತನಕ್ಕೆ ಒಂದು, ಪ್ರತಿಯೊಂದಕ್ಕೂ ದೃಢೀಕರಣಕ್ಕೆ ಅಲೆದಾಟ. ಬೇರೆ ರಾಜ್ಯದ ರೈಲ್ವೆ ಕಚೇರಿಯಲ್ಲಿ ಕನ್ನಡದ ಪ್ರಮಾಣಪತ್ರ ತೋರಿಸಿದರೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹಿಂದಕ್ಕೆ ಕೊಡುತ್ತಿದ್ದರು. ಆ ಗೋಳು ತಪ್ಪಿದೆ.

ತಪ್ಪದೆ ಉಳಿದದ್ದು ಬೇರೆ. ಕಳಸದ ಆಚೆ ನಮ್ಮ ಸಂಬಂಧಿಕರೊಬ್ಬರಿದ್ದಾರೆ. ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಗಿದೆ. ಮಲೆನಾಡಿನಲ್ಲಿ ಇಂಥವರು ಊರಿಗೊಬ್ಬರಾದರೂ ಸಿಗುತ್ತಾರೆ. ಅವರ ಯುಡಿಐಡಿ ಅರ್ಜಿಯನ್ನು ಮಗಳು ಮನೆಯ ಹಿಂದಿನ ದಿಬ್ಬ ಹತ್ತಿ, ನೆಟ್‌ವರ್ಕ್ ಸಿಗುವ ಕಲ್ಲಿನ ಮೇಲೆ ಕುಳಿತು ಹದಿನೈದು ನಿಮಿಷದಲ್ಲಿ ತುಂಬಿದಳು. ತಪಾಸಣೆಗೆ ಆಸ್ಪತ್ರೆಗೆ ಹೋಗಬೇಕು, 90 ಕಿಲೋಮೀಟರಿನ ಆಸುಪಾಸು, ಅದೂ ತಿರುವು ರಸ್ತೆ. ಜೀಪಿನ ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ಹೋದರು. ಮೊದಲ ಸಲ ಮೂಳೆ ವೈದ್ಯರು ರಜೆ. ಎರಡನೆಯ ಸಲ ಸರ್ವರ್ ಇಲ್ಲ. ಮೂರನೆಯ ಸಲ ಕೆಲಸವಾಯಿತು. ವೈದ್ಯರು ಅವರನ್ನು ನೋಡಿದ್ದು ಐದು ನಿಮಿಷ. ಮೂರು ಸಲದ ಜೀಪ್ ಬಾಡಿಗೆಯನ್ನು ಕಾಫಿ ಮಾರಿದ ಹಣದಲ್ಲಿ ತೀರಿಸಿದರು ಎಂದು ಅವರ ಹೆಂಡತಿ ನನಗೆ ಫೋನಿನಲ್ಲಿ ಹೇಳಿದರು, ದೂರುವ ದನಿಯಲ್ಲೂ ಅಲ್ಲ, ಲೆಕ್ಕ ಒಪ್ಪಿಸುವವರ ಹಾಗೆ.

ಆ ಆಸ್ಪತ್ರೆಯ ಹೆಸರು ಹೇಳುವುದಿಲ್ಲ, ಅದು ಎಲ್ಲಿ ಬೇಕಾದರೂ ಆಗಬಹುದಿತ್ತು. ನನ್ನ ಪ್ರಶ್ನೆ ಇಷ್ಟೇ. ಸಿನಿಮಾ ಟಿಕೆಟ್ ಕಾಯ್ದಿರಿಸಿದರೆ ಆಸನದ ಸಂಖ್ಯೆ ಸಿಗುತ್ತದೆ, ಬಸ್ ತಡವಾದರೆ ಸಂದೇಶ ಬರುತ್ತದೆ. ಜೀಪಿನಲ್ಲಿ ಮಲಗಿ ಬರುವ ಮನುಷ್ಯನಿಗೆ "ನಾಳೆ ವೈದ್ಯರಿಲ್ಲ, ಬರಬೇಡಿ" ಎಂಬ ಒಂದು ಸಾಲು ಕಳಿಸಲು ಯಾವ ಉಪಗ್ರಹ ಬೇಕು? ಅರ್ಜಿ ಹಾಕುವ ತುದಿಯನ್ನು ಡಿಜಿಟಲ್ ಮಾಡಿ, ಸೇವೆ ಕೊಡುವ ತುದಿಯನ್ನು ಹಾಗೆಯೇ ಬಿಟ್ಟರೆ ಅನುಕೂಲವಾಗುವುದು ಕಚೇರಿಗೆ. ಅಲೆಯುವವರು ಅಲೆಯುತ್ತಲೇ ಇರುತ್ತಾರೆ.

ಬಸ್ ಪಾಸ್ ವಿಷಯ ಬೇಗ ಮುಗಿಸುತ್ತೇನೆ. ಅರ್ಜಿ ಸೇವಾ ಸಿಂಧು ಪೋರ್ಟಲಿನಲ್ಲಿ, ರಿಯಾಯಿತಿ ಪಾಸಿಗೆ ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್ ವ್ಯಾಪ್ತಿ. ಸರ್ಕಾರಿ ಬಸ್ಸಿಗಿಂತ ಖಾಸಗಿ ಬಸ್ಸೇ ಹೆಚ್ಚು ಓಡುವ ನಮ್ಮ ಘಟ್ಟದ ಊರುಗಳಲ್ಲಿ ಆ ಪಾಸು ಕಿಸೆಯಲ್ಲೇ ಬೆಚ್ಚಗಿರುತ್ತದೆ. ಇದು ತಂತ್ರಜ್ಞಾನದ ತಪ್ಪಲ್ಲ, ಹಾಗಾಗಿ ಮುಂದಕ್ಕೆ ಹೋಗೋಣ.

ಇನ್ನು ಬೆರಳಿನ ಗುರುತು. ಕಾಫಿ ತೋಟದಲ್ಲಿ ನಲವತ್ತು ವರ್ಷ ಹಣ್ಣು ಕೊಯ್ದ ಹೆಂಗಸಿನ ಬೆರಳನ್ನು ಮುಟ್ಟಿ ನೋಡಿ. ನಾನು ಮುಟ್ಟಿ ನೋಡಿದ್ದೇನೆ, ಜನರನ್ನು ನಾನು ಗುರುತಿಸುವುದೇ ಕೈಯಿಂದ. ಗೆರೆಯೆಲ್ಲ ಸವೆದು ನುಣುಪಾಗಿರುತ್ತದೆ. ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಆ ನುಣುಪು ಅರ್ಥವಾಗುವುದಿಲ್ಲ. ಕುಷ್ಠದಿಂದ ಗುಣವಾದವರಿಗೆ ಕೆಲವೊಮ್ಮೆ ಒತ್ತಲು ಬೆರಳೇ ಇರುವುದಿಲ್ಲ. ಕಣ್ಣಿನ ಪಾಪೆ ಕೊಡಿ ಎಂದರೆ, ನನ್ನಂಥ ಎಷ್ಟೋ ಜನರ ಕಣ್ಣುಗುಡ್ಡೆ ನಿಂತಲ್ಲಿ ನಿಲ್ಲದೆ ಅಲುಗುತ್ತಿರುತ್ತದೆ. ಬೆರಳು, ಕಣ್ಣು ಇಲ್ಲದವರನ್ನೂ ನೋಂದಾಯಿಸಲು ಆಧಾರ್‌ನಲ್ಲಿ ವಿನಾಯಿತಿ ಇದೆ. ಮುಖ, ಒಟಿಪಿ ಎಂಬ ಬೇರೆ ದಾರಿಗಳೂ ಇವೆ. ಆದರೆ ಬೇರೆ ದಾರಿ ಇದೆಯೆಂಬುದು ಯಂತ್ರ ಹಿಡಿದು ಕುಳಿತವರಿಗೆ ಗೊತ್ತಿರಬೇಕಲ್ಲ.

ಮುಖದ ದಾರಿಯಲ್ಲಿ ನಡೆದದ್ದನ್ನು ಕೇಳಿ. ಪ್ರಜ್ಞಾ ಪ್ರಸೂನ್ ಆ್ಯಸಿಡ್ ದಾಳಿಯಿಂದ ಬದುಕುಳಿದವರು. ಬ್ಯಾಂಕ್ ಖಾತೆ ತೆರೆಯಲು ಹೋದಾಗ, ಜೀವಂತ ವ್ಯಕ್ತಿಯೇ ಹೌದೆಂದು ತೋರಿಸಲು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎಂದು ಕೇಳಲಾಯಿತು. ಸುಟ್ಟ ರೆಪ್ಪೆ ಮಿಟುಕುವುದು ಹೇಗೆ? ಅವರ ಅರ್ಜಿಯ ಜೊತೆಗೆ ದೃಷ್ಟಿಹೀನ ವಕೀಲ ಅಮರ್ ಜೈನ್ ಅವರ ಅರ್ಜಿಯನ್ನೂ ಸೇರಿಸಿ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಇಪ್ಪತ್ತು ನಿರ್ದೇಶನ ಕೊಟ್ಟಿತು. ಮಿಟುಕಿಸುವುದಕ್ಕೆ ಬದಲಿ ವಿಧಾನ ಬೇಕು, ಕಾಗದದ ದಾರಿಯನ್ನು ಮುಚ್ಚಬಾರದು, ಜಾಲತಾಣಗಳನ್ನು ಕಾಲಕಾಲಕ್ಕೆ ಪರೀಕ್ಷೆಗೆ ಒಡ್ಡಬೇಕು ಎಂಬವು ಅವುಗಳಲ್ಲಿ ಕೆಲವು. ಕಾಗದದ ದಾರಿ ಮುಚ್ಚಬಾರದು ಎಂದದ್ದು ನನಗೆ ಬಹಳ ಹಿಡಿಸಿತು. ಹೊಸ ಸೇತುವೆ ಕಟ್ಟಿದ ಮಾತ್ರಕ್ಕೆ ಕಾಲುಸಂಕವನ್ನು ಕಿತ್ತು ಹಾಕುವ ಆತುರ ಯಾರಿಗೂ ಬೇಡ. ಮಲೆನಾಡಿನವರಾದ ನಮಗೆ ಮಳೆಗಾಲದಲ್ಲಿ ಸಂಕದ ಬೆಲೆ ಗೊತ್ತು.

ಕಿವುಡರ ಕಷ್ಟದ ಬಗ್ಗೆ ಅವರೇ ಮಾತಾಡಬೇಕು. ಒಂದೇ ಮಾತು ಹೇಳುತ್ತೇನೆ. ಅರ್ಜಿ ತಿರಸ್ಕೃತವಾದರೆ "ಸಹಾಯವಾಣಿಗೆ ಕರೆ ಮಾಡಿ" ಎಂದು ಪರದೆಯ ಮೇಲೆ ಬರುತ್ತದೆಯಂತೆ. ಯಾರಿಗೆ ಬರೆದ ವಾಕ್ಯ ಅದು? ಭಾರತೀಯ ಸಂಜ್ಞಾ ಭಾಷೆಯ ಹತ್ತು ಸಾವಿರ ಪದಗಳ ನಿಘಂಟು 2021ರಲ್ಲೇ ಬಂದಿದೆ. ಕಚೇರಿಯ ಕಿಟಕಿಯ ಈಚೆ ಕೈಯಾಡಿಸಿದರೆ ಆಚೆ ಅರ್ಥ ಮಾಡಿಕೊಳ್ಳುವವರು ಬಂದಿಲ್ಲ.

ಸರ್ಕಾರ ಚೆನ್ನಾಗಿ ಮಾಡಿದ ಒಂದು ಯಂತ್ರದ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ನನ್ನದು ಬರೀ ಗೊಣಗಾಟವಾದೀತು. ಮತಯಂತ್ರ. ಕಣ್ಣು ಹೋದ ಮೇಲಿನ ಮೊದಲ ಕೆಲವು ಚುನಾವಣೆಗಳಲ್ಲಿ ನನ್ನ ಮತವನ್ನು ಹಾಕಿದ್ದು ನನ್ನ ಭಾವಮೈದುನ. ಜೊತೆಗಾರನನ್ನು ಕರೆದೊಯ್ಯಲು ನಿಯಮದಲ್ಲೇ ಅವಕಾಶವಿದೆ. ಅವನು ನಾನು ಹೇಳಿದ ಗುರುತಿಗೇ ಹಾಕಿದನೋ ಇಲ್ಲವೋ ದೇವರಿಗೇ ಗೊತ್ತು, ಅವನದು ನನ್ನದಲ್ಲದ ಪಕ್ಷ. ಆಮೇಲೆ ಮತಯಂತ್ರದ ಗುಂಡಿಗಳ ಪಕ್ಕ ಬ್ರೈಲ್ ಅಂಕಿ ಬಂತು. ಮತಗಟ್ಟೆಯ ಅಧಿಕಾರಿಯ ಬಳಿ ಬ್ರೈಲ್‌ನಲ್ಲಿ ಅಚ್ಚಾದ ಅಭ್ಯರ್ಥಿಗಳ ಪಟ್ಟಿ ಇರುತ್ತದೆ. ಅದನ್ನು ಬೆರಳಿನಿಂದ ಓದಿ, ನಮ್ಮವನ ಕ್ರಮಸಂಖ್ಯೆ ನೆನಪಿಟ್ಟುಕೊಂಡು, ರಟ್ಟಿನ ಮರೆಯ ಹಿಂದೆ ಒಬ್ಬನೇ ನಿಂತು, ಚುಕ್ಕಿ ತಡವಿ ಒತ್ತಿದೆ. ಉದ್ದಕ್ಕೆ "ಬೀಪ್" ಎಂದಿತು. ಆ ಸದ್ದು ನನಗೆ ಈಗಲೂ ಕಿವಿಯಲ್ಲಿದೆ. ನೆಟ್‌ವರ್ಕ್ ಬೇಡ, ಪಾಸ್‌ವರ್ಡ್ ಬೇಡ, ಗೋಜಲು ಅಕ್ಷರದ ಚಿತ್ರ ನೋಡಿ ಬರೆಯಿರಿ ಎಂಬ ಕಾಟವಿಲ್ಲ. ನಾನು ಯಾರಿಗೆ ಮತ ಹಾಕಿದೆನೆಂದು ಅಂದು ನನ್ನ ಹೆಂಡತಿಗೂ ಗೊತ್ತಾಗಲಿಲ್ಲ. ಈಗ ಪಕ್ಕದಲ್ಲಿ ವಿವಿಪ್ಯಾಟ್ ಇಟ್ಟಿದ್ದಾರೆ, ಗಾಜಿನ ಹಿಂದೆ ಏಳು ಸೆಕೆಂಡು ಚೀಟಿ ಕಾಣಿಸುತ್ತದೆಯಂತೆ. ಖಾತ್ರಿ ಮಾಡಿಕೊಳ್ಳುವ ಆ ಏಳು ಸೆಕೆಂಡು ನನ್ನ ಪಾಲಿಗಿಲ್ಲ. ಹಾಗಿದ್ದೂ ಸರ್ಕಾರದ ಯಂತ್ರವೊಂದರ ಮುಂದೆ ಒಬ್ಬನೇ ನಿಂತು, ಒಬ್ಬನೇ ಮುಗಿಸಿದ ಕೆಲಸ ನನ್ನ ಬದುಕಿನಲ್ಲಿ ಮೊದಲಿಗೆ ಅದೇ.

ಹಾಗಾಗಿ ಯಾವ ಪೋರ್ಟಲ್ ಬಂದರೂ, ಯಾವ ಆ್ಯಪ್ ಉದ್ಘಾಟನೆಯಾದರೂ ನಾನು ಕೇಳುವುದು ಒಂದೇ: ಇದನ್ನು ನಾನು ಒಬ್ಬನೇ ಮುಗಿಸಬಲ್ಲೆನೇ? ಈಗ ಆಗುತ್ತಿರುವುದೇನು? ನಮ್ಮ ಜನ ಸೈಬರ್ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ಒಳ್ಳೆಯವನೇ. ಅವನ ಬಳಿ ಒಂದು ಉದ್ದನೆಯ ನೋಟ್‌ಬುಕ್ ಇರುತ್ತದೆ, ಅದರಲ್ಲಿ ಊರಿನ ಅಷ್ಟೂ ಜನರ ಪಾಸ್‌ವರ್ಡ್. ಒಟಿಪಿ ಬಂದಾಗ ಗಟ್ಟಿಯಾಗಿ ಓದಿ ಹೇಳಬೇಕು. ಒಟಿಪಿ ಯಾರಿಗೂ ಹೇಳಬೇಡಿ ಎಂದು ಅದೇ ಸಂದೇಶದಲ್ಲಿ ಬರೆದಿರುತ್ತದೆ.

ಒಬ್ಬನೇ ಎಂದರೆ ಯಾರ ಸಹಾಯವೂ ಬೇಡವೆಂದಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಕಾರ್ಯಕರ್ತರಿದ್ದಾರೆ. ಅವರೂ ವಿಕಲಚೇತನರೇ; ಸಿಗುವುದು ಸಂಬಳವಲ್ಲ, ಗೌರವಧನ. ಪೋಲಿಯೊದಿಂದ ಒಂದು ಕಾಲು ಸಣ್ಣಗಾದ ಒಬ್ಬ ಕಾರ್ಯಕರ್ತರು ಮೂರು ಚಕ್ರದ ಸ್ಕೂಟರಿನಲ್ಲಿ ಜಡಿಮಳೆಯಲ್ಲಿ ಮನೆಮನೆಗೆ ಬಂದು ಅರ್ಜಿಯ ವಿವರ ಬರೆದುಕೊಳ್ಳುವುದನ್ನು ಬಲ್ಲೆ. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಕವರಿನ ಮೇಲಿಂದಲೇ ಒತ್ತುತ್ತಾರೆ. ದೆಹಲಿಯ ಸರ್ವರಿನಿಂದ ಹೊರಟ ಯೋಜನೆ ನಮ್ಮ ಜಗಲಿಗೆ ಮುಟ್ಟುವುದು ಆ ಒದ್ದೆ ಕವರಿನ ಮೂಲಕ. ಅವರಿಗೆ ಒಳ್ಳೆಯ ಫೋನು, ತಿಂಗಳಿಗೆ ಸರಿಯಾಗಿ ಹಣ ಕೊಟ್ಟರೆ ಅದೂ ತಂತ್ರಜ್ಞಾನದ ಖರ್ಚೇ ಎಂದು ಬಜೆಟ್ ಬರೆಯುವವರು ತಿಳಿಯಬೇಕು.

ನನ್ನ ಸಮಯ ಮುಗಿದಿದೆ ಎಂದು ಚೀಟಿ ಬಂದಿದೆಯಂತೆ. ಚೀಟಿಯೂ ಕೈಬರಹದ್ದೇ.

(ಪ್ರಶ್ನೋತ್ತರದಲ್ಲಿ ಎದ್ದು ನಿಂತವರು ಕಚೇರಿಯೊಂದರ ದ್ವಿತೀಯ ದರ್ಜೆ ಸಹಾಯಕರು. "ಸರ್, ಸ್ಕ್ಯಾನ್ ಮಾಡಬೇಡಿ ಎಂದಿರಿ. ಸಹಿ, ಮೊಹರು ಇಲ್ಲದೆ ಕಾಗದ ಹಾಕಿದರೆ ನಮ್ಮ ಸಾಹೇಬರು ನನ್ನನ್ನು ಸುಮ್ಮನೆ ಬಿಡುತ್ತಾರೆಯೇ?" ಸಭೆ ನಕ್ಕಿತು. ನಾನು ನಗಲಿಲ್ಲ, ಆ ಸಂಜೆ ಕೇಳಿದ ಅತ್ಯುತ್ತಮ ಪ್ರಶ್ನೆ ಅದೇ ಆಗಿತ್ತು. ಸ್ಕ್ಯಾನ್ ಪ್ರತಿಯನ್ನು ಹಾಕಿ, ಅದರ ಪಕ್ಕದಲ್ಲೇ ನೀವು ಬೆರಳಚ್ಚು ಮಾಡಿದ ಮೂಲ ಕಡತವನ್ನೂ ಹಾಕಿ. ಡಿಜಿಟಲ್ ಸಹಿ ಬರುವ ತನಕ ಎರಡೂ ಇರಲಿ ಎಂದೆ. ಕೇಳಿ ನೋಡುತ್ತೇನೆ ಎಂದು ಕುಳಿತರು.

ಹತ್ತು ದಿನಗಳ ನಂತರ ಅಪರಿಚಿತ ಸಂಖ್ಯೆಯಿಂದ ನನಗೊಂದು ಕಡತ ಬಂತು. ಬೆರಳಿಟ್ಟೆ. ತ್ರಿಚಕ್ರ ವಾಹನಕ್ಕೆ ಅರ್ಜಿ ಕರೆದ ಪ್ರಕಟಣೆ. ಅರ್ಹತೆ, ಬೇಕಾದ ದಾಖಲೆ, ಕೊನೆಯ ದಿನಾಂಕ ಎಲ್ಲವನ್ನೂ ಫೋನ್ ನೆಗಡಿಯ ದನಿಯಲ್ಲಿ ಓದುತ್ತ ಹೋಯಿತು. ಕಟ್ಟಕಡೆಯ ಸಾಲಿನಲ್ಲಿ ಸಾಹೇಬರ ಹೆಸರಿನ ಮೇಲೆ "ಸಹಿ, ಓರೆಗೆರೆ, ಅಡ್ಡಗೆರೆ" ಎಂದು ಹೇಳಿ ನಿಂತಿತು.)